ಇನ್ನೂರ ನಾಲ್ಕರ ಸೂಜಿ

ಜೂನ್ 9, ಸೋಮವಾರ. ಬೆಳಿಗ್ಗೆ 6.40

ಟೆರೇಸ್ ಮೇಲೆ ಮೂವತ್ತೆರಡು ಸುತ್ತು. ನಲವತ್ತು ಆಗಬೇಕಿತ್ತು, ಮಂಡಿ ಕೇಳಲಿಲ್ಲ. ಶನಿವಾರ, ಭಾನುವಾರ ಹನೂರಿನಲ್ಲಿ ಹಳೆಯ ವಿದ್ಯಾರ್ಥಿಗಳ ಖೋಖೋ. "ನೀವು ಸುಮ್ನೆ ಕೂತು ನೋಡಿ ಮೇಡಂ" ಅಂದರು. ಇಪ್ಪತ್ತೊಂಬತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳಿಗೆ ಸುಮ್ಮನೆ ಕೂರುವುದನ್ನು ಯಾರೂ ಕಲಿಸಿಲ್ಲ. ಎರಡು ದಿನವೂ ವಿಷಲ್ ಊದಿದ್ದೇ ಊದಿದ್ದು.

ಶನಿವಾರ ಅಲ್ಲೇ ಉಳಿದೆ. ಅತ್ತೆಯ ಮೇಲೆ ಒಂದು ಕಣ್ಣಿಡು ಎಂದು ಎದುರು ಮನೆಯ ರಮ್ಯಶ್ರೀಗೆ ಹೇಳಿ ಹೋಗಿದ್ದೆ. ಬ್ಯಾಂಕ್ ಕೆಲಸ, ಎರಡು ವರ್ಷದ ಮಗು. ಆದರೂ ಇಲ್ಲ ಅನ್ನುವುದಿಲ್ಲ. "ಅಜ್ಜಿ ಆರಾಮಾಗಿದ್ರು ಆಂಟಿ, ತಾವೇ ಕಾಫಿ ಮಾಡ್ಕೊಂಡ್ರು" ಅಂದಳು. ಎಂಬತ್ತೊಂದು ವರ್ಷ, ಸಕ್ಕರೆ ಕಾಯಿಲೆ, ಕಣ್ಣು ಮಂಜು. ಆದರೂ ಎಲ್ಲ ತಾವೇ ಮಾಡಿಕೊಳ್ಳಬೇಕು. ಸೊಸೆಯ ಹಟವೂ ಕಡಿಮೆಯಲ್ಲ. ಇಬ್ಬರನ್ನೂ ಒಂದೇ ಮನೆಯಲ್ಲಿ ಬಿಟ್ಟು ನನ್ನ ಯಜಮಾನರು ಹೋಗಿಬಿಟ್ಟರು. ಆರು ವರ್ಷ.

ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಸೆಕ್ರೆಟರಿ ನಟರಾಜು ಅವರ ಮೆಸೇಜು: "ಕಸದವರು ಲಿಫ್ಟ್ ಬಳಸತಕ್ಕದ್ದಲ್ಲ. ವಾಸನೆಯ ಬಗ್ಗೆ ದೂರು ಬಂದಿದೆ." ಹದಿನೆಂಟು ಮನೆಯಲ್ಲಿ ಹದಿನಾರು ಹೆಬ್ಬೆಟ್ಟು ಎದ್ದಿವೆ. ಕಸದವರು ಅಂದರೆ ಚಿಕ್ಕಬಸಮ್ಮ ಒಬ್ಬಳೇ. ಹೆಸರು ಹಿಡಿದು ಬರೆಯಲು ಇವರಿಗೆ ಏನು ಕಷ್ಟವೋ. ನಾನು ಬರೆದೆ: "ವಾಸನೆ ಕಸದ್ದು. ಕಸ ನಮ್ಮದು. ಹಾಗಾದರೆ ನಾವೂ ಮೆಟ್ಟಿಲು ಹತ್ತಬೇಕು." ಇದಕ್ಕೆ ಒಂದು ಹೆಬ್ಬೆಟ್ಟೂ ಏಳಲಿಲ್ಲ.

ಅತ್ತೆಗೆ ಇನ್ಸುಲಿನ್ ಹೊತ್ತು. ಏಳಬೇಕು.

ಅದೇ ದಿನ, ಮಧ್ಯಾಹ್ನ 2

ಪೆನ್ನು ಒತ್ತಿ ಹಾಳೆ ಹರಿಯಿತು. ಸಿಟ್ಟಿಗೆ.

ಭಾನುವಾರ ಕಸ ತೆಗೆಯುವುದಿಲ್ಲ. ಸೋಮವಾರ ಎರಡು ದಿನದ್ದು ಸೇರಿರುತ್ತದೆ. ಹಸಿಯದು, ಒಣಗಿದ್ದು ಬೇರೆ ಬೇರೆ ಕೊಡಿ ಎಂದು ನಾನು ವರ್ಷದಿಂದ ಬಡಿದುಕೊಳ್ಳುತ್ತಿದ್ದೇನೆ. ಯಾರೂ ಕೊಡುವುದಿಲ್ಲ. ಬೆರೆಸಿದ್ದನ್ನು ನಗರಸಭೆ ಆಟೋದವರು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಹಾಗಾಗಿ ಚಿಕ್ಕಬಸಮ್ಮ ಪಂಪ್ ರೂಮಿನ ಹಿಂದೆ ಗೋಣಿ ಹಾಸಿ, ಎಲ್ಲ ಸುರಿದು, ಕೈಯಲ್ಲೇ ಬೇರೆ ಮಾಡುತ್ತಾಳೆ. ಕಾಮಗೆರೆಯಿಂದ ಮೊದಲ ಬಸ್ಸಿಗೆ ಬರುತ್ತಾಳೆ. ಐವತ್ತೈದು ಇರಬಹುದು. ಗ್ಲೌಸ್ ಬೇಕೆಂದು ಅಸೋಸಿಯೇಷನ್‌ಗೆ ಮೂರು ಸಲ ಕೇಳಿದ್ದಾಳೆ.

ಎಂಟೂವರೆಗೆ ಹಾಲಿನ ಕವರ್ ತೊಳೆದು ಕೊಡಲು ಕೆಳಗಿಳಿದೆ. ಗೋಡೆಗೆ ಒರಗಿ ಕೂತಿದ್ದಳು. ಹೆಬ್ಬೆರಳನ್ನು ಸೆರಗಿನಲ್ಲಿ ಒತ್ತಿ ಹಿಡಿದಿದ್ದಳು. ಸೆರಗಿನ ಮೇಲೆ ಕೆಂಪು ಚುಕ್ಕೆ.

"ಏನಾಯ್ತು?"

"ಏನಿಲ್ಲ ಬುಡಿ ಮೇಡಮ್ಮೋರೆ. ಮುಳ್ ಚುಚ್ದಂಗಾಯ್ತು."

ಗೋಣಿಯ ಮೇಲೆ ಹೀರೆಕಾಯಿ ಸಿಪ್ಪೆ, ಅನ್ನ, ಯಾರದೋ ಮಗುವಿನ ಡಯಾಪರ್. ನಡುವೆ ಬಿಚ್ಚಿಕೊಂಡ ನ್ಯೂಸ್ ಪೇಪರ್. ಅದರಲ್ಲಿ ಸಿರಿಂಜು. ಸಣ್ಣದು. ಸೂಜಿಗೆ ಮುಚ್ಚಳವಿಲ್ಲ.

ನಲ್ಲಿಯ ಕೆಳಗೆ ಬೆರಳು ಹಿಡಿಸಿ ಸೋಪು ಹಾಕಿ ತೊಳೆಸಿದೆ. ಆಟೋ ಕರೆದು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಒಂದೇ ಮಾತು: "ಬಾಕಿ ಕಸ ಅಂಗೇ ಅದೆ, ಸೆಕ್ಟ್ರಿ ಬಯ್ತಾರೆ."

ಡಾಕ್ಟರ್ ಚಿಕ್ಕ ವಯಸ್ಸಿನವರು. ನಿಧಾನವಾಗಿ ಹೇಳಿದರು. ಯಾರಿಗೆ ಚುಚ್ಚಿದ ಸೂಜಿಯೋ ಗೊತ್ತಿಲ್ಲ. ಅವರಿಗೆ ರಕ್ತದಿಂದ ಹರಡುವ ಕಾಯಿಲೆ ಏನಾದರೂ ಇದ್ದರೆ ಇವರಿಗೂ ಅಂಟಬಹುದು. ಸಾಧ್ಯತೆ ಕಡಿಮೆ, ಆದರೂ ರಿಸ್ಕ್ ತೆಗೆದುಕೊಳ್ಳುವ ಹಾಗಿಲ್ಲ. ಇಂಜೆಕ್ಷನ್ ಕೊಟ್ಟರು. ಇಪ್ಪತ್ತೆಂಟು ದಿನ ತಪ್ಪದೆ ನುಂಗಬೇಕಾದ ಮಾತ್ರೆ ಕೊಟ್ಟರು. "ವಾಂತಿ, ತಲೆಸುತ್ತು ಬರಬಹುದು, ನಿಲ್ಲಿಸಬೇಡಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅದು ಯಾರ ಸೂಜಿ ಅಂತ ಗೊತ್ತಾದ್ರೆ ಕರ್ಕೊಂಡ್ ಬನ್ನಿ. ಅವರ ರಕ್ತ ಟೆಸ್ಟ್ ಮಾಡಿ, ಏನೂ ಇಲ್ಲ ಅಂದ್ರೆ ಇವ್ರಿಗೆ ಮಾತ್ರೆ ನಿಲ್ಲಿಸ್ಬಹುದು."

ಹುಡುಕುತ್ತೇನೆ. ಹದಿನೆಂಟೇ ಮನೆ. ಎಲ್ಲಿಗೆ ಹೋಗುತ್ತಾರೆ.

ಜೂನ್ 10, ಮಂಗಳವಾರ

ಗ್ರೂಪಿನಲ್ಲಿ ಹಾಕಿದೆ. ಗೇಟಿನ ಪಕ್ಕದ ಬೋರ್ಡಿನಲ್ಲಿ ಸೀಮೆಸುಣ್ಣದಿಂದ ದಪ್ಪಕ್ಷರದಲ್ಲಿ ಬರೆದೆ— "ಸೂಜಿ ಎಸೆದವರು ಮನುಷ್ಯರಲ್ಲ. ಧೈರ್ಯವಿದ್ದರೆ ಮುಂದೆ ಬನ್ನಿ."

ನಟರಾಜು ಮೆಸೇಜು: "ಹೊರಗಿನಿಂದ ನಾಯಿ ತಂದಿರಬಹುದು."

ನಾಯಿ ಸಿರಿಂಜನ್ನು ಪೇಪರ್‌ನಲ್ಲಿ ಸುತ್ತಿ, ಹೀರೆಕಾಯಿ ಸಿಪ್ಪೆಯ ಜೊತೆ ಕವರ್‌ಗೆ ಹಾಕಿ ಗಂಟು ಕಟ್ಟಿತೇ ಎಂದು ಕೇಳಿದೆ. "ಮೇಡಂ, ಭಾಷೆ" ಅಂದರು. ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದಾರೆ. ಗಿರಾಕಿಯ ಎದುರು ಸೀರೆ ಮಡಿಸುವ ಹಾಗೆ ಎಲ್ಲ ವಿಷಯವನ್ನೂ ಮಡಿಸಿ ಒಳಗಿಡುವುದು ಅಭ್ಯಾಸ.

ಸಂಜೆ ಮನೆಮನೆಗೆ ಹೋದೆ. ಐದು ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದಾರೆ. ನಮ್ಮದು ಬಿಟ್ಟು ನಾಲ್ಕು. ಒಂದರಲ್ಲಿ ಸಿರಿಂಜಲ್ಲ, ಇನ್ಸುಲಿನ್ ಪೆನ್ ಬಳಸುತ್ತಾರೆ. ಒಂದು ಮನೆ ಬೀಗ. ಇನ್ನೊಂದರಲ್ಲಿ ನನ್ನ ಮುಖಕ್ಕೇ ಬಾಗಿಲು ಹಾಕಿದರು. ಇನ್ನೊಂದರಲ್ಲಿ "ನೀವೇನು ಪೊಲೀಸಾ?" ಅಂದರು. ಪೊಲೀಸ್ ಆಗಿದ್ದರೆ ಇಷ್ಟು ಮೆತ್ತಗೆ ಕೇಳುತ್ತಿರಲಿಲ್ಲ ಅಂದೆ. ಕಾರಿಡಾರಿನಲ್ಲಿ ನನ್ನ ದನಿ ಮೂರೂ ಮಹಡಿಗೆ ಕೇಳಿಸಿತಂತೆ. ಕೇಳಿಸಲಿ.

ನಮ್ಮ ಮನೆಯಲ್ಲಿ ಬಳಸಿದ ಸೂಜಿ ಬಾಟಲಿಗೆ ಹೋಗುತ್ತದೆ. ಬಾಟಲಿ ತುಂಬಿದ ಮೇಲೆ ಆಸ್ಪತ್ರೆಗೆ. ಇಷ್ಟು ಮಾಡಲು ಏನು ರೋಗ ಇವರಿಗೆ.

ಅತ್ತೆ ಊಟ ಬಿಟ್ಟರು. ಹಸಿವಿಲ್ಲವಂತೆ.

ಜೂನ್ 11, ಬುಧವಾರ

ಚಿಕ್ಕಬಸಮ್ಮ ಬಂದಿದ್ದಳು. ರಜೆ ತಗೊ ಅಂದರೆ ಕೇಳುವುದಿಲ್ಲ. ಮೆಟ್ಟಿಲ ಮೇಲೆ ಎರಡು ಸಲ ಕೂತಳು. ಕಾಂಪೌಂಡ್ ಪಕ್ಕ ಹೋಗಿ ವಾಂತಿ ಮಾಡಿದಳು. ನಿಂಬೆ ಶರಬತ್ತು ಕೊಟ್ಟೆ. ಅದೂ ನಿಲ್ಲಲಿಲ್ಲ.

ಆಮೇಲೆ ತಾನಾಗೇ ಹೇಳಿದಳು. ಮನೆಯಲ್ಲಿ ಸೊಸೆ ಮಾತ್ರೆಯ ಹೆಸರನ್ನು ಫೋನಿನಲ್ಲಿ ನೋಡಿದ್ದಾಳೆ. ಇದು ಏಡ್ಸ್ ಕಾಯಿಲೆಗೆ ಕೊಡುವ ಮಾತ್ರೆ ಎಂದು ಓದಿಬಿಟ್ಟಿದ್ದಾಳೆ.

"ತಟ್ಟೆ ಬ್ಯಾರೆ ಮಾಡವ್ಳೆ. ಲೋಟ ಬ್ಯಾರೆ. ಅದ್ ಓಗ್ಲಿ ಬುಡಿ, ನಾನ್ ತಿನ್ನೋದೇ ಒಸಿ. ಕೂಸ ಕೈಗ್ ಕೊಡಾಕಿಲ್ಲ ಮೇಡಮ್ಮೋರೆ. ಐದ್ ತಿಂಗ್ಳು ಕೂಸು. ನನ್ ಕಂಡ್ರೆ ಕೈ ಚಾಚ್ತದೆ. ಅವ್ಳು ಒಳಿಕ್ಕೆ ಎತ್ಕಂಡ್ ಓಯ್ತಾಳೆ."

"ಮಗ ಏನಂತಾನೆ?"

"ಅವ್ನೇನಂದಾನು. ಗ್ವಾಡೆ ನೋಡ್ತಾನೆ."

ಇನ್ನೂ ಇಪ್ಪತ್ತಾರು ದಿನ. ಇದನ್ನು ಇಲ್ಲಿ ಮೂರು ಮಹಡಿಯಲ್ಲಿ ಒಬ್ಬರು ಬಾಯಿ ಬಿಟ್ಟರೆ ನಾಳೆಯೇ ನಿಲ್ಲಿಸಬಹುದು. ಬೋರ್ಡಿನ ಅಕ್ಷರ ಮಾಸಿತ್ತು. ಮತ್ತೆ ತೀಡಿದೆ. ಇನ್ನೂ ದಪ್ಪ.

ಜೂನ್ 12, ಗುರುವಾರ

ನೋಟಿಸ್ ಬಂತು. ಭಾನುವಾರ ಹನ್ನೊಂದು ಗಂಟೆಗೆ ಪಾರ್ಕಿಂಗ್‌ನಲ್ಲಿ ಮೀಟಿಂಗು. ವಿಷಯ: ಕಸಕ್ಕೆ ಖಾಸಗಿ ಟ್ರ್ಯಾಕ್ಟರ್. ಬೇರೆ ಮಾಡುವ ತಲೆನೋವಿಲ್ಲ, ಎಲ್ಲ ಒಟ್ಟಿಗೆ ಎತ್ತಿಕೊಂಡು ಹೋಗುತ್ತಾನಂತೆ. "ಚಿಕ್ಕಬಸಮ್ಮನವರ ಆರೋಗ್ಯದ ದೃಷ್ಟಿಯಿಂದ ಅವರಿಗೆ ವಿಶ್ರಾಂತಿ ನೀಡಲಾಗುವುದು."

ಒಂದು ವರ್ಷ ಹೆಸರು ಬರೆಯದವರು ಕೆಲಸದಿಂದ ತೆಗೆಯುವಾಗ ಪೂರ್ತಿ ಹೆಸರು ಬರೆದಿದ್ದಾರೆ, "ಅವರು" ಸೇರಿಸಿ.

ಟ್ರ್ಯಾಕ್ಟರ್‌ನವನು ಎಲ್ಲಿ ಸುರಿಯುತ್ತಾನೆ ಎಂದು ನಟರಾಜು ಅವರನ್ನು ಕೇಳಿದೆ. "ಅದು ಅವನ ವಿಷ್ಯ ಮೇಡಂ. ಗೇಟ್ ದಾಟಿದ್ರೆ ಆಯ್ತು."

ಜೂನ್ 13, ಶುಕ್ರವಾರ. ಬೆಳಿಗ್ಗೆ 9

ಬರೆಯಬೇಕೋ ಬೇಡವೋ. ಬರೆಯುತ್ತೇನೆ. ಇಲ್ಲಿಯೂ ಮುಚ್ಚಿಟ್ಟರೆ ಇನ್ನೆಲ್ಲಿ ಹೇಳುವುದು.

ಏಳು ಗಂಟೆಗೆ ಇನ್ಸುಲಿನ್ ಎಳೆದು ತಂದೆ. ಅತ್ತೆ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಪದ್ಮಿ, ಆ ಬೋರ್ಡ್ನಲ್ಲಿರೋದ ಅಳಿಸ್ಬುಡು."

"ಯಾಕತ್ತೆ?"

"ರಮ್ಯ ಓದಿ ಏಳುದ್ಲು. ಮನುಷ್ರಲ್ಲ ಅಂತ ಬರ್ದಿದ್ದೀಯಂತೆ." ನನ್ನ ಕಡೆ ತಿರುಗಿದರು. "ನಾನು ಮನುಷ್ಳೇ ಕಣವ್ವ."

ನನಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಸಿರಿಂಜು ಕೈಯಲ್ಲೇ ಇತ್ತು.

ಭಾನುವಾರ ಬೆಳಿಗ್ಗೆ ರಮ್ಯಶ್ರೀಯ ಮಗುವಿಗೆ ಜ್ವರ, ಅಳುತ್ತಿತ್ತಂತೆ. ಕರೆಯಲು ಮನಸ್ಸಾಗದೆ ತಾವೇ ಚುಚ್ಚಿಕೊಂಡರು. ಮುಚ್ಚಳ ಮಂಚದ ಕೆಳಗೆ ಉರುಳಿತು. ಬಗ್ಗಿ ಹುಡುಕಲು ಆಗಲಿಲ್ಲ.

"ಬಾಟ್ಲಿಗೆ ಆಕ್ಬೇಕು ಅಂತ ಗೊತ್ತಿತ್ತು. ಅದು ಫ್ರಿಜ್ ಮ್ಯಾಲಿತ್ತು. ಕೈ ಎಟಕ್ನಿಲ್ಲ. ಪೇಪರ್ನಲ್ಲಿ ಸುತ್ತಿ ಸಿಪ್ಪೆ ಜತೆ ಇಟ್ಟೆ. ಗಟ್ಟಿಯಾಗೇ ಸುತ್ತಿದ್ದೆ ಕಣವ್ವ."

"ಸೋಮವಾರವೇ ಯಾಕೆ ಹೇಳಲಿಲ್ಲ ಅತ್ತೆ? ನಾಲ್ಕು ದಿನ ಆಯ್ತು."

"ಏಳಾಕ್ ಬುಟ್ಯಾ ನೀನು? ಬಾಗ್ಲಿಗ್ ಬಂದವ್ಳೇ ಆರ್ಭಟ. ಎಳ್ಕಂಡ್ ಓಯ್ತೀನಿ ಅಂದೆ, ಜೈಲಿಗಾಕುಸ್ತೀನಿ ಅಂದೆ, ಮನುಷ್ರಲ್ಲ ಅಂದೆ. ಎಲ್ರ ಮನೇಗ್ ಓಗಿ ಕೇಳ್ದೆ. ನಮ್ಮನೇಲ್ ಕೇಳ್ದ್ಯಾ?"

ಕೇಳಲಿಲ್ಲ. ಹೊಳೆಯಲೂ ಇಲ್ಲ. ಫ್ರಿಜ್ ಮೇಲೆ, ಕುಳ್ಳಗಿನ ಮುದುಕಿಗೆ ಎಟುಕದ ಎತ್ತರದಲ್ಲಿ ಬಾಟಲಿ ಇಟ್ಟವಳು ನಾನು. ಎರಡು ದಿನ ಬಿಟ್ಟು ಹೋದವಳು ನಾನು. ಬೋರ್ಡು ಬರೆದವಳೂ ನಾನೇ.

ಅತ್ತೆಯ ಕಾಲು ಹಿಡಿದುಕೊಂಡು ಕೆಳಗೆ ಕೂತೆ. ಇಬ್ಬರೂ ಅಳಲಿಲ್ಲ. ನಮ್ಮಿಬ್ಬರಿಗೂ ಅದು ಬರುವುದಿಲ್ಲ.

ರಕ್ತ ಪರೀಕ್ಷೆಯ ಮಾತೆತ್ತಿದೆ. ಯಾವ ಕಾಯಿಲೆಗೆ ಎಂದು ಕೇಳಿದರು. ಹೇಳಿದೆ. ಮುಖ ಕೆಂಪಾಯಿತು.

"ಥೂ! ನಿಮ್ ಮಾವ ಓಗಿ ಮೂವತ್ ವರ್ಷ ಆಯ್ತು. ನನ್ ಏನನ್ಕಂಡಿದ್ದೀಯ ನೀನು?"

"ಅವಳು ಆ ಮಾತ್ರೆ ನುಂಗಿ ನಾಲ್ಕು ದಿನದಿಂದ ವಾಂತಿ ಮಾಡ್ಕೋತಾ ಇದ್ದಾಳೆ ಅತ್ತೆ. ಸೊಸೆ ಕೂಸು ಮುಟ್ಟೋಕೆ ಬಿಡ್ತಿಲ್ಲ."

ಕೋಲು ಹಿಡಿದು ಎದ್ದು ನಿಂತರು. ಆಮೇಲೆ, "ಆಟೋ ಕರಿ."

ಅದೇ ದಿನ, ಸಂಜೆ

ರಕ್ತ ಕೊಟ್ಟು ಬಂದೆವು. ಅತ್ತೆ ಕೈ ಚಾಚಿ ಕೂತಿದ್ದ ರೀತಿಗೆ ಲ್ಯಾಬಿನವರೇ ಎದ್ದು ನಿಂತರು. ರಿಪೋರ್ಟ್ ನಾಳೆ.

ಬೋರ್ಡು ಒರೆಸಿದೆ. ಒದ್ದೆ ಬಟ್ಟೆಯಲ್ಲಿ ಎರಡು ಸಲ.

ಜೂನ್ 14, ಶನಿವಾರ

ಏನೂ ಇಲ್ಲ. ಅತ್ತೆಯ ರಕ್ತದ ಮೂರು ಪರೀಕ್ಷೆಯೂ ನೆಗೆಟಿವ್. ಡಾಕ್ಟರ್ ಚಿಕ್ಕಬಸಮ್ಮನನ್ನೂ ಕರೆಸಿ, ಮಾತ್ರೆ ನಿಲ್ಲಿಸಿ ಅಂದರು. ಲಸಿಕೆಯ ಇಂಜೆಕ್ಷನ್ ಕೋರ್ಸ್ ಮಾತ್ರ ಮುಗಿಸಬೇಕು.

ಹೊರಗೆ ಬೇವಿನ ಮರದ ಕೆಳಗೆ ಅವಳಿಗೆ ಹೇಳಿದೆ. ಸುತ್ತಿಬಳಸಲಿಲ್ಲ. ನಮ್ಮ ಮನೆಯದು, ಅತ್ತೆಯದು, ತಪ್ಪು ನನ್ನದು.

ಅವಳು ನನ್ನನ್ನು ನೋಡಿದ ನೋಟ... ಮೊದಲ ಸಲ ನನ್ನ ಕಣ್ಣಿಗೇ ಕಣ್ಣಿಟ್ಟು ನೋಡಿದಳು.

"ನಿಮ್ಮನೇದಾ?"

"ಹೂಂ."

"ಐದ್ ದಿನ ಕಕ್ಕಂಡೆ ಮೇಡಮ್ಮೋರೆ."

ಕ್ಷಮಿಸು ಅಂದೆ. ಅದಕ್ಕೆ ಅವಳು ಪರವಾಗಿಲ್ಲ ಬುಡಿ ಅನ್ನಲಿಲ್ಲ. ಅನ್ನದಿದ್ದದ್ದೇ ಒಳ್ಳೆಯದಾಯಿತು. ಬಸ್ ಹತ್ತಿಸಲು ಜೊತೆಗೆ ನಡೆದೆ. ಹತ್ತುವಾಗ ತಿರುಗಿ ಹೇಳಿದಳು: "ಎಲ್ರೆದ್ರೂ ಏಳಿ. ಸೆಕ್ಟ್ರಿ ಎದ್ರೂ ಏಳಿ. ಆಮ್ಯಾಕೆ ನಮ್ಮೂರ್ಗ್ ಬಂದು ನನ್ ಸೊಸೆ ಎದ್ರೂ ಏಳಿ."

ಮಧ್ಯಾಹ್ನ ನಟರಾಜು ಅವರ ಅಂಗಡಿಗೆ ಹೋದೆ. ನಾಳೆ ಮೀಟಿಂಗಿನಲ್ಲಿ ಐದು ನಿಮಿಷ ಬೇಕು ಅಂದೆ. ಯಾಕೆಂದು ಹೇಳಿದೆ. ಮುಖದಲ್ಲಿ ಬೆಳಕು ಬಂತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಯಾರಿಗೂ ಗೊತ್ತಿಲ್ವಲ್ಲ ಮೇಡಂ. ಸುಮ್ನಿದ್ದುಬಿಡಿ. ರಿಟೈರ್ಡ್ ಟೀಚರ್ ನೀವು, ಮರ್ಯಾದೆ ಪ್ರಶ್ನೆ. ನಾನೂ ಬಾಯಿ ಬಿಡಲ್ಲ. ನೀವೂ ಟ್ರ್ಯಾಕ್ಟರ್ ವಿಷ್ಯದಲ್ಲಿ ಸ್ವಲ್ಪ... ಅಡ್ಜಸ್ಟ್ ಮಾಡ್ಕೊಳ್ಳಿ."

ಸುಳ್ಳು ಯಾಕೆ, ಒಂದು ಕ್ಷಣ ಆಸೆಯಾಯಿತು. ಹದಿನೆಂಟು ಮನೆಯವರ ಮುಖ ಕಣ್ಣ ಮುಂದೆ ಬಂತು. ಬಾಗಿಲು ಹಾಕಿದವರು, ಪೊಲೀಸಾ ಎಂದವರು.

"ಐದು ನಿಮಿಷ ಕೊಡ್ತೀರೋ, ನಾನೇ ತಗೊಳ್ಳಲೋ?" ಅಂದು ಎದ್ದು ಬಂದೆ.

ಜೂನ್ 15, ಭಾನುವಾರ. ಮಧ್ಯಾಹ್ನ 1.30

ಪಾರ್ಕಿಂಗ್. ಪ್ಲಾಸ್ಟಿಕ್ ಕುರ್ಚಿ. ಹದಿನೇಳು ಮನೆಯವರು ಬಂದಿದ್ದರು. ನಾನೇ ಮೊದಲು ಎದ್ದೆ.

"ಸೂಜಿ ಇನ್ನೂರ ನಾಲ್ಕರದ್ದು. ನಮ್ಮನೇದು. ಕಣ್ಣು ಕಾಣದ ಅತ್ತೆಯನ್ನ ಒಬ್ಬರನ್ನೇ ಬಿಟ್ಟು ಹೋಗಿದ್ದು ನನ್ನ ತಪ್ಪು. ನಮ್ಮನೆ ಒಂದನ್ನು ಬಿಟ್ಟು ಎಲ್ಲರ ಮನೆ ಬಾಗಿಲು ಬಡಿದಿದ್ದು ಇನ್ನೊಂದು ತಪ್ಪು. ನಿಮ್ಮನ್ನ ಅಂದ ಮಾತು ವಾಪಸ್ ತಗೋತೀನಿ. ಬೋರ್ಡು ಒರೆಸಿದ್ದೀನಿ."

ಗುಸುಗುಸು. ಯಾರೋ ನಕ್ಕರು. ಬಾಗಿಲು ಹಾಕಿದ್ದ ಮನೆಯವರು "ನೋಡಿದ್ರಾ" ಅಂದರು. ನಗಲಿ. ಅದು ಅವರ ಹಕ್ಕು.

ನಟರಾಜು ಎದ್ದು ಗಂಟಲು ಸರಿಮಾಡಿಕೊಂಡರು. "ಮೇಡಂ ಒಪ್ಕೊಂಡಿದ್ದು ಸಂತೋಷ. ಹಾಗಾಗಿ ಇನ್ಮುಂದೆ ಕಸದ ವಿಷ್ಯದಲ್ಲಿ ಇನ್ನೂರ ನಾಲ್ಕರವರು ತಲೆ ಹಾಕಬಾರದು ಅಂತ ಒಂದು ನಿರ್ಣಯ..."

"ತಲೆ ಹಾಕ್ತೀನಿ" ಅಂದೆ. "ಮುಂಚೆ ಬೇರೆಯವರ ತಪ್ಪು ಅಂತ ಮಾತಾಡ್ತಿದ್ದೆ. ಈಗ ನನ್ನದೇ ತಪ್ಪು ಅಂತ ಮಾತಾಡ್ತೀನಿ. ಬೆರೆಸಿದ ಕಸದಲ್ಲಿ ಕೈ ಹಾಕೋದಕ್ಕೆ ಒಬ್ಬಳನ್ನ ಬಿಟ್ಟಿದ್ದಕ್ಕೆ ತಾನೇ ಚುಚ್ಚಿದ್ದು? ಬೇರೆ ಮಾಡಿ ಕೊಟ್ಟಿದ್ದಿದ್ರೆ ಪೇಪರ್ ಸುತ್ತಿದ ಸೂಜಿ ಯಾರ ಮನೇದು ಅಂತ ಬಾಗಿಲಲ್ಲೇ ಗೊತ್ತಾಗ್ತಿತ್ತು. ಟ್ರ್ಯಾಕ್ಟರ್‌ಗೆ ಹಾಕಿದ್ರೆ ಸೂಜಿ ಎಲ್ಲಿಗೂ ಹೋಗಲ್ಲ. ಇನ್ನೊಬ್ಬರ ಕೈಗೆ ಹೋಗುತ್ತೆ. ಅವರ ಹೆಸರು ನಮಗೆ ಗೊತ್ತಿರಲ್ಲ, ಅಷ್ಟೇ."

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಅತ್ತೆ. ಕೋಲು ಒಂದು ಕೈಯಲ್ಲಿ, ಇನ್ನೊಂದು ಕೈಯನ್ನು ರಮ್ಯಶ್ರೀ ಹಿಡಿದಿದ್ದಳು. ಬರಬೇಡಿ ಎಂದು ಹೇಳಿ ಬಂದಿದ್ದೆ. ಯಾರ ಮಾತು ಕೇಳಿದ್ದಾರೆ ಅವರು.

"ನಾನು ಲಕ್ಷ್ಮಿದೇವಿ" ಅಂದರು, ಇವರಿಗೆಲ್ಲ ಗೊತ್ತಿಲ್ಲವೇನೋ ಅನ್ನುವ ಹಾಗೆ. "ಸೂಜಿ ಎಸ್ದೋಳು ನಾನು. ಏನ್ ಮಾಡ್ತೀರೋ ನಂಗ್ ಮಾಡಿ. ಆ ಎಂಗ್ಸ್ನ ಯಾಕ್ ತಗೀತೀರಿ ಕೆಲ್ಸದಿಂದ? ಚುಚ್ಚುಸ್ಕಂಡೋಳ ಆಚೆಗ್ ಆಕಿ ಚುಚ್ದೋಳ ಒಳಿಕ್ ಮಡೀಕತ್ತೀರಾ? ಇದ್ಯಾವ್ ನ್ಯಾಯ?"

ಯಾರೋ ಎದ್ದು ಅತ್ತೆಗೆ ಕುರ್ಚಿ ಬಿಟ್ಟುಕೊಟ್ಟರು. ಆದರೂ ಕೈ ಎತ್ತಿಸಿದಾಗ ಟ್ರ್ಯಾಕ್ಟರ್‌ಗೇ ಹನ್ನೆರಡು. ನಮ್ಮ ಕಡೆ ಐದು— ನಾನು, ರಮ್ಯಶ್ರೀ, ಇನ್ನೂ ಮೂವರು. ಸೋತೆ.

"ಸರಿ. ಹನ್ನೆರಡು ಮನೆ ನಿಮ್ಮ ಟ್ರ್ಯಾಕ್ಟರ್‌ಗೆ ಕೊಡಿ. ನಮ್ಮ ಐದು ಮನೆಯ ಕಸ ಚಿಕ್ಕಬಸಮ್ಮನೇ ತಗೋತಾಳೆ. ಬೇರೆ ಮಾಡಿದ್ದನ್ನು. ಗ್ಲೌಸ್ ಹಾಕಿಕೊಂಡು."

"ಅಸೋಸಿಯೇಷನ್ ರೂಲ್ಸ್ ಪ್ರಕಾರ—"

"ರೂಲ್ಸ್ ಬರೆದು ಕಳಿಸಿ. ಓದ್ತೀನಿ. ಒಪ್ಪಲ್ಲ."

ಜೂನ್ 16, ಸೋಮವಾರ

ಕಾಮಗೆರೆಗೆ ಹೋಗಿದ್ದೆವು. ಅತ್ತೆಯೂ. ಆಟೋದಲ್ಲಿ ಕುಲುಕಿ ಸೊಂಟ ಹಿಡಿದುಕೊಂಡಿತು, ಆದರೂ ಇಳಿಯುವವರೆಗೆ ಉಸಿರೆತ್ತಲಿಲ್ಲ.

ಎರಡು ಕೋಣೆಯ ಮನೆ. ಸೊಸೆ ಚಿಕ್ಕ ಹುಡುಗಿ, ಹೆಸರು ಮೀನಾ. ಕೂಸು ಸೊಂಟದ ಮೇಲೆ. ಬಾಗಿಲಲ್ಲೇ ನಿಂತಳು. ಗೋಡೆಯ ಪಕ್ಕ, ಒಲೆಯಿಂದ ದೂರ, ಒಂದು ತಟ್ಟೆ ಮತ್ತು ಲೋಟ ಬೋರಲು. ಅದು ಯಾರದೆಂದು ಕೇಳಬೇಕಾಗಿರಲಿಲ್ಲ.

ನಾನು ರಿಪೋರ್ಟ್ ತೆಗೆದೆ. ಇದು ಇಂಥ ಪರೀಕ್ಷೆ, ಇದು ನೆಗೆಟಿವ್ ಎಂದು ಓದಿ ಹೇಳಲು ಶುರು ಮಾಡಿದೆ. ತರಗತಿಯಲ್ಲಿ ಹೇಳಿದ ಹಾಗೆ. ಮೀನಾ ಕಾಗದ ನೋಡಲೇ ಇಲ್ಲ. "ಕಾಗ್ದ ಏನಾದ್ರೂ ಏಳ್ತದೆ" ಅಂದಳು. ಅವಳ ಕಣ್ಣಲ್ಲಿ ಕೆಟ್ಟತನವಿರಲಿಲ್ಲ. ಹೆದರಿಕೆ. ಬರೀ ಹೆದರಿಕೆ.

ಅತ್ತೆ ನನ್ನನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿದರು.

"ನೀನು ಸುಮ್ಕಿರು ಪದ್ಮಿ." ಚಾಪೆಯ ಮೇಲೆ ಕೂತರು. "ಬಾರವ್ವ ಮಗ. ಆ ಸೂಜಿ ನಂದು. ನಿಮ್ಮತ್ತೆ ಮೈಗ್ ಓಗಿದ್ರೆ ನನ್ ರಕ್ತನೇ ಓಗಿರೋದು. ನಾನ್ ಎಂಗಿವ್ನಿ ನೋಡು. ಎಂಬತ್ತೊಂದು ವರ್ಷ. ಈ ಕೈಲೇ ಆರ್ ಮಕ್ಳ ಸಾಕಿವ್ನಿ. ಕಾಯ್ಲೆ ಇದ್ರೆ ನಂಗಿರಬೇಕು. ಇಲ್ಲ ಅಂತ ಡಾಕ್ಟ್ರು ಏಳವ್ರೆ, ನಾನೂ ಏಳ್ತಾ ಇವ್ನಿ."

ಆಮೇಲೆ ಆ ಬೋರಲು ಲೋಟ ಎತ್ತಿಕೊಂಡರು. "ಇದ್ರಲ್ಲೇ ಒಸಿ ನೀರ್ ಕೊಡು."

ನಲವತ್ತು ವರ್ಷದಿಂದ ಈ ಅತ್ತೆಯನ್ನು ನೋಡುತ್ತಿದ್ದೇನೆ. ಹೊರಗೆ ಯಾರ ಮನೆಯಲ್ಲೂ ನೀರು ಮುಟ್ಟಿದವರಲ್ಲ. ಮನೆಯಿಂದ ಬಾಟಲಿ ಬರುತ್ತದೆ. ಇವತ್ತೂ ನನ್ನ ಚೀಲದಲ್ಲಿ ಇತ್ತು. ನಾನು ಅದನ್ನು ತೆಗೆಯಲಿಲ್ಲ.

ಮೀನಾ ನೀರು ಕೊಟ್ಟಳು. ಅತ್ತೆ ಲೋಟ ತುಟಿಗೆ ಹಚ್ಚಿ ಪೂರ್ತಿ ಕುಡಿದರು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಕೈ ಚಾಚಿದರು. "ಈಗ ಕೂಸ ಇತ್ತ ಕೊಡು."

ಕೊಟ್ಟಳು. ಕೂಸು ಅತ್ತೆಯ ಮೂಗುಬೊಟ್ಟು ಹಿಡಿದುಕೊಂಡಿತು. ಅತ್ತೆ ಅದರ ಬೆನ್ನು ಸವರಿ, ಯಾರನ್ನೂ ಕೇಳದೆ, ಬಾಗಿಲಲ್ಲಿ ನಿಂತಿದ್ದ ಚಿಕ್ಕಬಸಮ್ಮನ ಕಡೆ ಎತ್ತಿ ಹಿಡಿದರು.

ಚಿಕ್ಕಬಸಮ್ಮ ಸೊಸೆಯ ಮುಖ ನೋಡಿದಳು. ಮೀನಾ ನೆಲ ನೋಡಿದಳು. ಆಮೇಲೆ ತಲೆಯಾಡಿಸಿದಳು, ಇಷ್ಟೇ ಇಷ್ಟು.

ಚಿಕ್ಕಬಸಮ್ಮ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಎಷ್ಟು ಹೊತ್ತು ಎಂದು ನೋಡಲಿಲ್ಲ.

ಜೂನ್ 28, ಶನಿವಾರ

ಹನ್ನೆರಡು ದಿನ ಬರೆದಿಲ್ಲ. ಪುರುಸೊತ್ತಿಲ್ಲ. ಐದು ಮನೆ ಏಳಾಗಿವೆ. ಉಳಿದವರು ಮೆಟ್ಟಿಲಲ್ಲಿ ಮಾತಾಡಿಸುವುದಿಲ್ಲ. ಗ್ರೂಪಿನಿಂದ ನನ್ನನ್ನು ತೆಗೆದಿದ್ದಾರೆ. ಫೋನ್ ಎಷ್ಟು ಶಾಂತವಾಗಿದೆ! ಮುಂಚೆಯೇ ತೆಗೆಯಬಾರದಿತ್ತೇ.

ಇವತ್ತು ಸ್ಕೂಟರಿನಲ್ಲಿ ಟ್ರ್ಯಾಕ್ಟರ್ ಹಿಂದೆ ಹೋದೆ. ಅಗರದ ದಾರಿಯಲ್ಲಿ, ಕಾಲುವೆ ಏರಿಯ ಮೇಲೆ ನಿಲ್ಲಿಸಿ ಟ್ರೇಲರ್ ಎತ್ತಿಬಿಟ್ಟ. ಅರ್ಧ ನೀರಿಗೆ, ಅರ್ಧ ಏರಿಗೆ. ಕೆಳಗಿನ ಗದ್ದೆಯಲ್ಲಿ ಹೆಂಗಸರು ಬದು ಸವರುತ್ತಿದ್ದರು. ದೇವೀರಮ್ಮ ಎಂಬವರು ಕುಡುಗೋಲು ಹಿಡಿದೇ ಮೇಲೆ ಬಂದರು. ತೂಬಿಗೆ ಡಯಾಪರ್ ಸಿಕ್ಕಿಕೊಂಡು ಎರಡು ದಿನದಿಂದ ನೀರು ಬಂದಿಲ್ಲವಂತೆ.

"ಯಾರ್ದವ್ವ ಈ ಗಲೀಜು?"

"ನಮ್ಮ ಬಿಲ್ಡಿಂಗಿಂದು. ಕೊಳ್ಳೇಗಾಲ."

ಒಂದು ಕ್ಷಣ ಕುಡುಗೋಲು ಯಾವ ಕಡೆ ಬೀಸುತ್ತದೋ ಅನ್ನಿಸಿತು. ನಿಂತೆ. ಗೇಟಿನ ಗುರುತು, ಅಡ್ರೆಸ್ ಎಲ್ಲ ಹೇಳಿದೆ. "ಕೊರಿಯರ್ ಕವರ್ ಮೇಲೆ ಹೆಸರಿರ್ತವೆ. ಓದಿಸಿ."

ಜುಲೈ 5, ಶನಿವಾರ. ಸಂಜೆ 6

ಓದಿಸಿದ್ದಾರೆ!

ಬೆಳಿಗ್ಗೆ ಹತ್ತಕ್ಕೆ ಅದೇ ಟ್ರ್ಯಾಕ್ಟರ್ ನಮ್ಮ ಗೇಟಿನೊಳಗೆ ಬಂತು. ಹಿಂದೆ ಅದನ್ನು ತಡೆದು ತಿರುಗಿಸಿದ ಗದ್ದೆಯವರು, ಹದಿನೈದು ಜನ. ಟ್ರೇಲರ್ ತುಂಬ ವಾರದ ಕಸ. ಪಾರ್ಕಿಂಗ್‌ನ ನಟ್ಟನಡುವೆ ಸುರಿದರು. ದೇವೀರಮ್ಮ ಒಂದೊಂದೇ ಕವರ್ ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ಕೂಗಿದರು, ನಾನು ಹಾಜರಿ ಕೂಗುತ್ತಿದ್ದ ಹಾಗೇ.

"ನಟರಾಜು ಅನ್ನೋರು ಯಾರು? ತಕ್ಕಳ್ಳಿ ಸಾ, ನಿಮ್ದು ಮೂರವೆ!"

ಮಧ್ಯಾಹ್ನದ ಹೊತ್ತಿಗೆ ನಗರಸಭೆಯವರಿಗೂ ಗೊತ್ತಾಯಿತು. ಬಂದು ನೋಡಿ, ಬೇರೆ ಮಾಡಿ ಕೊಟ್ಟರೆ ಈಗಲೂ ಎತ್ತುತ್ತೇವೆ, ಹೀಗೇ ಆದರೆ ಇಲ್ಲ ಅಂದರು. ಸರಿಯಾದ ಮಾತು.

ಯಾರು ಬೇರೆ ಮಾಡಬೇಕು? ಎಲ್ಲರೂ ಚಿಕ್ಕಬಸಮ್ಮನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಳು. ಅಪಾರ್ಟ್‌ಮೆಂಟಿನ ಕುರ್ಚಿಯಲ್ಲಿ ಅವಳು ಕೂತದ್ದನ್ನು ನಾನು ನೋಡಿರಲಿಲ್ಲ.

"ನಾನ್ ಕೈ ಆಕಾಕಿಲ್ಲ ಸಾ. ಬಾಯಲ್ ಏಳ್ತೀನಿ. ನೀವ್ ಮಾಡಿ."

ಮಾಡಿದರು. ಹನ್ನೊಂದು ಮನೆಯವರು, ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಸಂಜೆ ನಾಲ್ಕರವರೆಗೆ. ನಟರಾಜು ಅವರ ಬಿಳಿ ಷರಟಿಗೆ ಸಾರಿನ ಕಲೆ. ನಾವು ಏಳು ಮನೆಯವರೂ ಇಳಿದೆವು. ಗೆದ್ದವರ ಹಾಗೆ ಮೇಲೆ ನಿಂತು ನೋಡುವುದು ಸರಿಯಲ್ಲ ಅನ್ನಿಸಿತು. ಕಸದಲ್ಲಿ ಎರಡು ಸೂಜಿ ಸಿಕ್ಕವು. ಯಾರದು ಎಂದು ನಾನು ಕೂಗಲಿಲ್ಲ. ಬಾಟಲಿ ತಂದು ಮುಂದೆ ಹಿಡಿದೆ. ಒಬ್ಬರು ಬಂದು, ನನ್ನ ಮುಖ ನೋಡದೆ, ಹಾಕಿ ಹೋದರು. ನನ್ನನ್ನು ಪೊಲೀಸಾ ಎಂದು ಕೇಳಿದ್ದವರು.

ಜುಲೈ 7, ಸೋಮವಾರ. ಬೆಳಿಗ್ಗೆ 8

ನಿನ್ನೆ ಮೀಟಿಂಗಿನಲ್ಲಿ ಚಿಕ್ಕಬಸಮ್ಮ ಷರತ್ತು ಹಾಕಿದಳು. ಮೀನಾ ಬರೆದುಕೊಟ್ಟಿದ್ದಳಂತೆ, ನೋಟ್‌ಬುಕ್ ಹಾಳೆಯಲ್ಲಿ. ಗ್ಲೌಸು, ಬೂಟು, ಕೈ ತೊಳೆಯಲು ನಲ್ಲಿ, ಕೂರಲು ಜಾಗ. ಬೆರೆಸಿದ ಬಕೆಟ್ ಮುಟ್ಟುವುದಿಲ್ಲ. ನಟರಾಜು ಓದಿ, ಮಡಿಸಿ ಜೇಬಿಗೆ ಹಾಕಲು ಹೋದರು. "ಮಡುಸ್ಬ್ಯಾಡಿ ಸಾ, ಸೈನ್ ಆಕಿ" ಅಂದಳು. ಹಾಕಿದರು. ಪೂರ್ತಿ ಮನಸ್ಸಿನಿಂದಲ್ಲ.

ಇವತ್ತು ಮೊದಲ ದಿನ. ಅತ್ತೆಗೆ ಇನ್ಸುಲಿನ್ ಆಯಿತು. ಕಾಫಿ ಆಯಿತು.

ಕೆಳಗೆ ಗಲಾಟೆ. ನಟರಾಜು ಅವರ ದನಿ— ಇದೊಂದು ಸಲ, ಇವತ್ತು ಅಂಗಡಿಗೆ ಲೇಟಾಯ್ತು, ಅಡ್ಜಸ್ಟ್ ಮಾಡ್ಕೊ. ಬೆರೆಸಿಯೇ ತಂದಿದ್ದಾರೆ ಅಂತ ಕಾಣುತ್ತದೆ. ನಾನು ಚಪ್ಪಲಿ ಮೆಟ್ಟಿ ಎದ್ದೆ. ಅತ್ತೆ ಸೆರಗು ಹಿಡಿದು ಎಳೆದರು.

"ಕೂತ್ಕೊ. ಎಲ್ಲಾದ್ಕೂ ನೀನೇ ಓಗ್ಬೇಕಾ? ಅವ್ಳಿಗೆ ಬಾಯಿಲ್ವಾ?"

ಕೂತಿದ್ದೇನೆ. ಅರವತ್ತೊಂದನೆಯ ವಯಸ್ಸಿನಲ್ಲಿ ಕೂರುವುದು ಕಲಿಯುತ್ತಿದ್ದೇನೆ. ಕಿವಿ ಮಾತ್ರ ಕೆಳಗೆ. ಬಕೆಟ್ಟು ನೆಲಕ್ಕೆ ಕುಕ್ಕಿದ ಸದ್ದು. ಅವಳ ದನಿ ಏರುತ್ತಿದೆ, ಅವರದಕ್ಕಿಂತ ಜೋರಾಗಿ, ಮೂರೂ ಮಹಡಿಗೆ ಕೇಳುವ ಹಾಗೆ. ಹೇಳುತ್ತಿದ್ದಾಳೆ: "ಬೆರ್ಸಿದ್ ಬಕೆಟ್ ನಾನ್ ಮುಟ್ಟಾಕಿಲ್ಲ ಸಾ. ಸೈನ್ ಆಕಿದ್ದು ನೀವೇ."